ಕಣದ ಅಂಚು

ಹಳೇಬೀಡು
೧೨ ನವೆಂಬರ್ ೧೯೯೬

ಅಪ್ಪ,

ಬಂದು ಸೇರಿದೆ. ಕಮಲಾಕ್ಷಮ್ಮನವರ ಮನೆಯ ಮುಂಗೋಣೆ ಸಿಕ್ಕಿದೆ. ಕಿಟಕಿ ತೆರೆದರೆ ಬಸ್ ಸ್ಟ್ಯಾಂಡಿನ ಬೆನ್ನು. ದೇವಸ್ಥಾನ ನೋಡಲು ಬಂದವರು ಅಲ್ಲಿ ನಿಂತು ಎಳನೀರು ಕುಡಿದು ಬುರುಡೆ ಎಸೆದು ಹೋಗುತ್ತಾರೆ. ನಾನು ಇನ್ನೂ ದೇವಸ್ಥಾನದ ಕಡೆ ಹೋಗಿಲ್ಲ. ಶಾಲೆ ಇರುವುದು ಮಾದಿಹಳ್ಳಿ ದಾರಿಯಲ್ಲಿ. ಬೆಳಿಗ್ಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಹಾಲಿನ ವ್ಯಾನು.

ಬಿ.ಎಡ್. ಕಾಲೇಜಿನಲ್ಲಿ ನಮ್ಮನ್ನು ಕಳಿಸುವಾಗ, ದಿನಕ್ಕೊಂದು ಪಾಠ ಮಾಡಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಒಬ್ಬರು ಮೇಷ್ಟ್ರು ಕೂತು ನೋಡಿ ತಪ್ಪು ಹೇಳಿಕೊಡುತ್ತಾರೆ ಎಂದಿದ್ದರು. ಹಿಂದಿನ ಬೆಂಚು ಖಾಲಿ ಇದೆ. ಗಣಿತ ಹೇಳುವ ರುಕ್ಮಿಣಮ್ಮ ಮೇಡಂ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದಾರೆ. ನಾನು ಕಾಲಿಟ್ಟ ವಾರವೇ ಹೆಡ್‌ಮಾಸ್ಟರು ಟೈಂಟೇಬಲ್ ಕೈಗಿತ್ತು, "ಎಸ್ಸೆಸ್ಸೆಲ್ಸಿ ಗಣಿತ ಪೂರ್ತಿ ನೀನೇ ನೋಡ್ಕೊಳಮ್ಮ. ಇಂಥ ಚಾನ್ಸು ಯಾವ ಟ್ರೈನೀಗೆ ಸಿಗುತ್ತೆ?" ಅಂದರು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರುತ್ತೇನೆ. ಎಂಟನೇ ತರಗತಿಯೂ ನನ್ನದೇ ಆಗಿದೆ, ಅದನ್ನು ಯಾರೂ ಹೇಳಲಿಲ್ಲ, ತಾನಾಗಿ ಆಯಿತು.

ಆದರೆ ಅಪ್ಪ, ನನಗೆ ಪಾಠ ಮಾಡಲು ಬರುತ್ತದೆ! ನಿನ್ನೆ ವೃತ್ತ ಶುರುಮಾಡಿದೆ. ಕೇಂದ್ರ, ತ್ರಿಜ್ಯ ಅಂದರೆ ಎಲ್ಲರೂ ಗೋಡೆ ನೋಡುತ್ತಿದ್ದರು. ಕಣದ ನಡುವೆ ನೆಡುವ ಮೇಟಿ, ಅದಕ್ಕೆ ಕಟ್ಟಿದ ಹಗ್ಗ, ಸುತ್ತುವ ಎತ್ತು ಎಂದ ಕೂಡಲೇ ಜಯಂತಿ ಎನ್ನುವ ಹುಡುಗಿ ಎದ್ದು, "ಹಂಗಾರೆ ಎತ್ತು ತುಳಿಯೋ ಜಾಗವೇ ಪರಿಧಿನಾ ಮೇಡಂ? ಮೊದ್ಲೇ ಹೇಳಕ್ಕೇನಾಗಿತ್ತು ಆ ಪುಸ್ತಕದೋರ್ಗೆ?" ಎಂದಳು. ತರಗತಿಯೆಲ್ಲ ನಕ್ಕಿತು. ಮುಂದಿನ ವಾರ ಸ್ಪರ್ಶಕ.

ಖುಷಿಯೂ ಇದೆ, ಒಳಗೆ ಏನೋ ಇರುಸುಮುರುಸೂ ಇದೆ. ಇಷ್ಟೆಲ್ಲ ನನ್ನ ಮೇಲೆ ಹಾಕಿರುವುದನ್ನು ಕಾಲೇಜಿಗೆ ತಿಳಿಸಲೋ ಬೇಡವೋ? ಇಂಟರ್ನಲ್ ಅಂಕ ಹಾಕುವವರು ಇದೇ ಹೆಡ್‌ಮಾಸ್ಟರು. ನೀವೂ ಹೆಡ್‌ಮಾಸ್ಟರು, ನೀವೇ ಹೇಳಿ.

ನಿಮ್ಮ
ಯಶೋಧರಾ

*

ಅರಸೀಕೆರೆ
೨೪ ನವೆಂಬರ್ ೧೯೯೬

ಮಗಳೇ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೇಷ್ಟ್ರ ಅಭ್ಯಾಸ: ಮೊದಲ ಸಲ ವಿಷಯಕ್ಕೆ, ಎರಡನೆಯ ಸಲ ತಪ್ಪಿಗೆ. ತಪ್ಪು ಸಿಗಲಿಲ್ಲ. ಮೇಟಿಯ ಉದಾಹರಣೆ ಚೆನ್ನಾಗಿದೆ. ನೀನು ಕಣವನ್ನು ಹತ್ತಿರದಿಂದ ಕಂಡವಳಲ್ಲ, ನಿನಗೆ ಅದು ಹೇಗೆ ಹೊಳೆಯಿತೋ.

ಕಾಲೇಜಿಗೆ ಬರೆಯಬೇಡ. ಬ್ಲಾಕ್ ಟೀಚಿಂಗ್ ತರಬೇತಿ ಡಿಸೆಂಬರಿಗೆ ಮುಗಿಯುತ್ತದೆ. ಅಷ್ಟರಲ್ಲಿ ನೀನು ಕಲಿಯುವುದು ಪುಸ್ತಕದಲ್ಲಿ ಇರುವುದಿಲ್ಲ. ನಮ್ಮಲ್ಲೂ ಗಣಿತದ ಹುದ್ದೆ ಖಾಲಿ ಬಿದ್ದಿದೆ. ನಿವೃತ್ತರಾದವರ ಜಾಗಕ್ಕೆ ಇಲಾಖೆ ಯಾರನ್ನೂ ಕಳಿಸಿಲ್ಲ. ಗಂಡಸಿಯಿಂದ ಬಸ್ಸಿನಲ್ಲಿ ಬರುವ ಹೇಮಾಶ್ರೀ ಎಂಬ ಬಿ.ಎಡ್. ಟ್ರೈನೀಗೆ ಒಂಬತ್ತನೇ ತರಗತಿಯನ್ನು ಒಪ್ಪಿಸಿದ್ದೇನೆ. ಪಾಠ, ಉತ್ತರಪತ್ರಿಕೆ ತಿದ್ದುವುದು, ಹಾಜರಿ, ಎಲ್ಲ ಅವಳೇ. ಒಂದು ದಿನ ತಡವಾಗಿ ಬಂದದ್ದಿಲ್ಲ, ಒಂದು ದೂರಿಲ್ಲ. ಅಂಥವರನ್ನು ನೋಡಿದಾಗ ನೀನೂ ಎಲ್ಲೋ ಹೀಗೇ ಇರುತ್ತೀಯ ಅನ್ನಿಸಿ ಸಮಾಧಾನವಾಗುತ್ತದೆ.

ತರಬೇತಿ ಮುಗಿಸಿ ಹೋಗುವಾಗ ಟ್ರೈನಿಗಳು ಶಾಲೆಗೊಂದು ಗಡಿಯಾರ ಕೊಟ್ಟು ಹೋಗುತ್ತಾರೆ. ಪ್ರತಿ ತಂಡದವರೂ ಕೊಡುತ್ತಾರೆ, ಯಾರು ಶುರುಮಾಡಿದ ಪದ್ಧತಿಯೋ. ಕೆಳಗೆ ಬಿಳಿ ಬಣ್ಣದಲ್ಲಿ ತಂಡದ ವರ್ಷ ಬರೆಸಿರುತ್ತಾರೆ. ನಮ್ಮ ಸ್ಟಾಫ್ ರೂಮಿನ ಗೋಡೆ ತುಂಬ ಗಡಿಯಾರಗಳು, ಒಂದರ ಹಾಗೆ ಇನ್ನೊಂದು ಗಂಟೆ ತೋರಿಸುವುದಿಲ್ಲ. ಶೆಲ್ ಹಾಕುವುದು ಯಾರ ಕೆಲಸವೂ ಅಲ್ಲ. ನಾವು ಜವಾನ ಗಿಡ್ಡಪ್ಪ ಬಾರಿಸುವ ಗಂಟೆಯನ್ನೇ ನಂಬುತ್ತೇವೆ.

ಅವ್ವ ಪಕ್ಕದಲ್ಲಿ ಕೂತಿದ್ದಾಳೆ. ಮೊಮ್ಮಗಳಿಗೆ ತಾನು ಹೇಳಿದ ಹಾಗೇ ಬರೆಯಬೇಕಂತೆ: "ಕೂಸೇ, ಹೊಟ್ಟೆಗೇನು ತಿಂತೀಯ? ಆ ಕಡೀಕೆ ಚಳಿ ಜಾಸ್ತಿ, ತಲೆಗೆ ಬಟ್ಟೆ ಕಟ್ಕೊ. ಮೇಡಮ್ಮು ಆಗ್ಬುಟ್ಟೆ ಅಂತ ಬರೀ ತಲೇಲಿ ತಿರುಗ್ಬ್ಯಾಡ." ಆಮೇಲೆ, "ಏನು ಕೊಡ್ತಾರಂತೆ?" ಎಂದು ಕೇಳಿದಳು. ಏನೂ ಕೊಡುವುದಿಲ್ಲ, ಇದು ತರಬೇತಿ ಅಂದೆ. ಅದಕ್ಕೆ ಅವಳೊಂದು ಮಾತು ಹೇಳಿದಳು. ಅದನ್ನು ಬರೆಯುವ ಅಗತ್ಯವಿಲ್ಲ.

ಅಮ್ಮ ಚಟ್ನಿಪುಡಿ ಕಳಿಸುತ್ತಾಳೆ.

ಇತಿ,
ಭೀಮರಾಜ್

*

ಹಳೇಬೀಡು
೨೮ ಡಿಸೆಂಬರ್ ೧೯೯೬

ಅಪ್ಪ,

ನನ್ನ ಜೊತೆಯವರೆಲ್ಲ ಹಾಸನಕ್ಕೆ, ಕಾಲೇಜಿಗೆ ವಾಪಸ್ಸಾದರು. ನಾನು ಇಲ್ಲೇ ಇದ್ದೇನೆ. ರುಕ್ಮಿಣಮ್ಮ ಮೇಡಂ ರಜೆ ಮುಂದುವರಿಸಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ನನ್ನನ್ನು ಬಿಟ್ಟುಕೊಡಿ ಎಂದು ಹೆಡ್‌ಮಾಸ್ಟರು ನಮ್ಮ ಪ್ರಿನ್ಸಿಪಾಲರಿಗೆ ಹೇಳಿದರಂತೆ. ಅವರಿಬ್ಬರೂ ಒಟ್ಟಿಗೆ ಓದಿದವರು. "ನಿನ್ನ ತರಬೇತಿ ಮುಂದುವರಿದಿದೆ" ಎಂದು ನನಗೆ ತಿಳಿಸಿದರು, ಪರೀಕ್ಷೆಯ ಫಲಿತಾಂಶ ತಿಳಿಸುವ ಹಾಗೆ.

ಕಾಲೇಜಿನಲ್ಲಿ ಪಾಠಗಳು ನಡೆಯುತ್ತಿವೆ. ಮೇ ತಿಂಗಳಲ್ಲಿ ನಮಗೂ ಪರೀಕ್ಷೆ. ನೋಟ್ಸ್ ಯಾರಾದರೂ ಕೊಟ್ಟರೂ ಓದುವುದು ಯಾವಾಗ? ನಾನು ಫೇಲಾದರೆ ಈ ವರ್ಷವಿಡೀ ನಾನು ಮೇಷ್ಟ್ರಾಗಿದ್ದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಆಡಳಿತ ಮಂಡಳಿಯ ಕಾರ್ಯದರ್ಶಿ ಲಕ್ಕಪ್ಪನವರು ಮೊನ್ನೆ ಶಾಲೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಸ್ವಂತ ತೋಟದ ಎಳನೀರು ಇಳಿಸಿ ಎಲ್ಲರಿಗೂ ತರುತ್ತಾರೆ. ಧೈರ್ಯ ಮಾಡಿ ಹೇಳಿದೆ: "ಸಾರ್, ನಾನು ಇಲ್ಲೇ ಇರಬೇಕು ಅಂದ್ರೆ ಮೇಷ್ಟ್ರು ಅಂತ ಇಟ್ಕೊಳ್ಳಿ. ಕೈಲಾದಷ್ಟು ಸಂಬಳ ಕೊಡಿ."

ಅವರು ಎಳನೀರು ಕೆತ್ತುತ್ತಲೇ, "ಏನಮ್ಮಾ ಇದು! ಕಲ್ಯಕ್ಕೆ ಬಂದೋಳು ಕೂಲಿ ಕೇಳ್ತೀಯಲ್ಲ! ನಾವೇ ಫೀಜು ಇಸ್ಕಬೇಕಾಗಿತ್ತು ನಿನ್ ತಾವ!" ಅಂದರು. ಸ್ಟಾಫ್ ರೂಮೆಲ್ಲ ನಕ್ಕಿತು. ಅಪ್ಪ, ನಾನೂ ನಕ್ಕೆ. ಬೇರೆ ಯಾವುದಕ್ಕಿಂತ ಅದೇ ಕೊರೆಯುತ್ತಿದೆ. ಕೊನೆಗೆ ನನಗೂ ಒಂದು ಎಳನೀರು ಕೊಟ್ಟರು, ಕುಡಿದೆ.

ಹೋದವರೆಲ್ಲ ಸೇರಿ ಈ ಶಾಲೆಗೂ ಒಂದು ಗಡಿಯಾರ ಕೊಟ್ಟಿದ್ದಾರೆ. ನನ್ನ ಪಾಲೂ ಕೇಳಿದರು, ಕೊಟ್ಟೆ.

ಇಲ್ಲಿ ಮಧ್ಯಾಹ್ನ ನಾನು ಆಟದ ಸಾಮಾನಿನ ಕೋಣೆಯಲ್ಲಿ, ವಾಲಿಬಾಲ್ ನೆಟ್ಟಿನ ಮೂಟೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತೇನೆ. ಸ್ಟಾಫ್ ರೂಮಿಗೆ ಬರಬೇಡ ಎಂದು ಯಾರೂ ಅಂದಿಲ್ಲ. ಅಲ್ಲಿ ನನಗೊಂದು ಕುರ್ಚಿ ಇಲ್ಲ, ಅಷ್ಟೆ.

ನಿಮ್ಮ ಹೇಮಾಶ್ರೀ ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾಳೆ?

ಅವತ್ತು ಅಜ್ಜಿ ಹೇಳಿದ ಮಾತು ಏನು?

ಯಶೋಧರಾ

*

ಅರಸೀಕೆರೆ
೧೭ ಜನವರಿ ೧೯೯೭

ಮಗಳೇ,

ಹಬ್ಬಕ್ಕೆ ನೀನು ಬರಲಿಲ್ಲ. ಎಳ್ಳು ಬೆಲ್ಲ ಡಬ್ಬಿಯಲ್ಲಿಟ್ಟಿದೆ. ಸಮ್ಯಕ್ ಅಕ್ಕನ ಪಾಲಿಗೆ ಕೈ ಹಾಕದಂತೆ ಅಮ್ಮ ಡಬ್ಬಿಯ ಜಾಗ ಬದಲಿಸುತ್ತಲೇ ಇದ್ದಾಳೆ. ಅವನು ಹುಡುಕುತ್ತಲೇ ಇದ್ದಾನೆ.

ಅವ್ವನಿಗೆ ಕೆಮ್ಮು. ಈಗ ಪರವಾಗಿಲ್ಲ.

ನಿನ್ನ ಕಾಗದದ ಕೊನೆಯ ಎರಡು ಪ್ರಶ್ನೆಗಳನ್ನು ನೋಡಿದೆ.

ಭೀಮರಾಜ್

*

ಅರಸೀಕೆರೆ
೨ ಫೆಬ್ರವರಿ ೧೯೯೭

ಯಶೋ,

ನಾನು ನೋಡಲೆಂದೇ ಹೋದೆ ಎಂದು ತಿಳಿಯಬೇಡ. ಗ್ಲೋಬ್ ಹುಡುಕುತ್ತ ಹೋದೆ. ಅಥವಾ ಗ್ಲೋಬ್ ಹುಡುಕುವುದಕ್ಕೆ ಊಟದ ಹೊತ್ತನ್ನೇ ಆರಿಸಿಕೊಂಡೆ. ಪ್ರಯೋಗಾಲಯದ ಹಿಂದೆ ಮುರಿದ ಬೆಂಚುಗಳನ್ನು ಹಾಕುವ ಕೋಣೆಯೊಂದಿದೆ. ಹೇಮಾಶ್ರೀ ಅಲ್ಲಿ ಕೂತಿದ್ದಳು. ಡಬ್ಬಿ ತೆರೆದಿತ್ತು. ನನ್ನನ್ನು ಕಂಡವಳೇ ಎದ್ದು ನಿಂತು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದಳು.

ಹಾಗೆ ಎದ್ದು ನಿಲ್ಲುವುದನ್ನು ನಾನು ಬಲ್ಲೆ. ನಿನ್ನ ತಾತ ಜವರಯ್ಯ ಊರ ತೋಟಿಯಾಗಿದ್ದರು. ತಮಟೆ ಹೊಡೆದು ಸಾರುವುದು, ಕಾಗದ ಹೊರುವುದು, ಹೆಣಕ್ಕೆ ಗುಂಡಿ ತೋಡುವುದು, ಯಾರಾದರೂ ಕೂಗಿದರೆ ಅನ್ನದ ಮುಂದಿನಿಂದಲೂ ಎದ್ದು ಹೋಗುವುದು. ಏಳುವಾಗ ತಟ್ಟೆಯನ್ನು ಹಿಂದಕ್ಕೆ ಸರಿಸುತ್ತಿದ್ದರು. ತಿನ್ನುವುದನ್ನು ಕಂಡರೆ ಕರೆದವರಿಗೆ ಬೇಜಾರಾದೀತು ಎಂದೋ ಏನೋ. ನಾನು ಎಂದೂ ಕೇಳಲಿಲ್ಲ.

"ಕೂತ್ಕೊಳಮ್ಮ, ಊಟ ಮಾಡು" ಅಂದೆ.

"ಆಯ್ತು ಸಾರ್. ಈಗ್ಲೇ ಹೋಗ್ತೀನಿ ಸಾರ್, ಒಂಬತ್ನೇ ಕ್ಲಾಸು ಸುಮ್ನಿರಲ್ಲ" ಅಂದಳು. ಪಕ್ಕದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು. ಅದು ನಾನೇ ಕೊಟ್ಟದ್ದು. ಡಿಸೆಂಬರಿಗೆ ಮುಗಿದ ಅವಳ ತರಬೇತಿಯನ್ನು ಮುಂದುವರಿಸಿದ್ದೂ ನಾನೇ.

ಅವಳು ಗಂಡಸಿಯ ಒಕ್ಕಲು ಮನೆಯವಳು. ನಮ್ಮ ಊರೂ ಅದೇ ಹೋಬಳಿ. ಅವಳ ತಾತನ ಕಣದ ಅಂಚಿನಲ್ಲಿ ನಾನು ಅವ್ವನ ಜೊತೆ ನಿಂತಿದ್ದೆನೋ ಏನೋ. ಕೇಳಲಿಲ್ಲ. ಕೇಳಿದ್ದರೆ ಅದು ಬೇರೆ ಲೆಕ್ಕವಾಗುತ್ತಿತ್ತು.

ಸಂಜೆ ಕರೆದು, ಮೊದಲು ಇಂಟರ್ನಲ್ ಅಂಕ ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿ ಅವಳ ಕೈಗೆ ಕೊಟ್ಟೆ. ಆಮೇಲೆ ಹೇಳಿದೆ: ಸೋಮವಾರದಿಂದ ನಿನ್ನ ಕಾಲೇಜಿಗೆ ಹೋಗು, ಇಲ್ಲಿಗೆ ಬರಬೇಕಾಗಿಲ್ಲ. ಈ ಕ್ರಮ ತಲೆಕೆಳಗಾಗಿದ್ದರೆ ಅವಳು ಅಂಕ ಹೋಯಿತೆಂದು ಹೆದರುತ್ತಿದ್ದಳು. ಆದರೂ ಹೆದರಿದಳು. "ನಾನೇನ್ ತಪ್ಪು ಮಾಡ್ದೆ ಸಾರ್?" ಎಂದು ಕೇಳಿದಳು. ನೀನಲ್ಲ ಎಂದೆ. ಅರ್ಧ ವಾಕ್ಯ ಅದು. ಉಳಿದರ್ಧ ಹೇಳಲು ನೋಡಿದೆ, ಅಷ್ಟರಲ್ಲಿ ಗಂಡಸಿ ಬಸ್ಸಿನ ಹೊತ್ತಾಗಿತ್ತು.

ಒಂಬತ್ತನೇ ತರಗತಿ ಗಣಿತ ಈಗ ನಾನೇ ಮಾಡುತ್ತಿದ್ದೇನೆ. ಚಾಕ್ ಹಿಡಿದು ವರ್ಷಗಳಾಗಿದ್ದವು. ಸಂಜೆ ತೋಳು ನೋಯುತ್ತದೆ. ಹುದ್ದೆ ತುಂಬಿರೆಂದು ಇಲಾಖೆಗೆ ಮತ್ತೆ ಬರೆದಿದ್ದೇನೆ. ಅವಳ ತಂಡದವರು ಗಡಿಯಾರ ತಂದಾಗ, ಬೇಡ, ಅಂಗಡಿಗೆ ವಾಪಸ್ ಕೊಡಿ ಎಂದೆ. ಹಳೆಯವಕ್ಕೆಲ್ಲ ಗಿಡ್ಡಪ್ಪನ ಕೈಯಲ್ಲಿ ಶೆಲ್ ಹಾಕಿಸಿದೆ. ಈಗ ಸ್ಟಾಫ್ ರೂಮಿನಲ್ಲಿ ಮಾತು ನಿಂತಾಗಲೆಲ್ಲ ಟಿಕ್ ಟಿಕ್ ಕೇಳಿಸುತ್ತದೆ. ಕೆಲವರಿಗೆ ಕಿರಿಕಿರಿ.

ನಿನ್ನ ಎರಡನೆಯ ಪ್ರಶ್ನೆ. ಅವ್ವ ಅಂದದ್ದು ಇದು: "ಬಿಟ್ಟಿ ಚಾಕ್ರಿಗೆ ಹೊಸ ಹೆಸ್ರು ಮಡಗವ್ರಾ? ನಮ್ಗಾರ ಸುಗ್ಗೀಲಿ ಕಣದ ತಾವ ಒಸಿ ರಾಗಿ ಸುರಿಯೋರು."

ಸುರಿಯುವುದು ಎಂದರೇನೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ರಾಶಿ ಮುಗಿದ ಮೇಲೆ ವರ್ಷದ ಚಾಕರಿಗೆಂದು ಒಂದಿಷ್ಟು ಕೊಡುತ್ತಿದ್ದರು. ಕಣದೊಳಗೆ ನಾವು ಕಾಲಿಡುವಂತಿರಲಿಲ್ಲ. ಅಂಚಿನಲ್ಲಿ ಅವ್ವ ಸೆರಗೊಡ್ಡಿ ನಿಲ್ಲುತ್ತಿದ್ದಳು, ನಾನು ಅದರ ಒಂದು ತುದಿ ಹಿಡಿಯುತ್ತಿದ್ದೆ. ಅವರು ಮೊರವನ್ನು ತಲೆಯೆತ್ತರಕ್ಕೆ ಎತ್ತಿ ಸುರಿಯುತ್ತಿದ್ದರು, ಕೈಗೆ ಕೈ ತಾಕಬಾರದೆಂದು. ಅಷ್ಟು ಮೇಲಿನಿಂದ ಬಿದ್ದ ರಾಗಿ ಸೆರಗಿನಿಂದ ಪುಟಿದು ನೆಲಕ್ಕೂ ಹೋಗುತ್ತಿತ್ತು. ಧೂಳು ಕಣ್ಣಿಗೆ. ನಾನು ಬಗ್ಗಿ ಆರಿಸುತ್ತಿದ್ದೆ. ನಿನ್ನ ಕಾಗದದಲ್ಲಿ ಮೇಟಿ, ಹಗ್ಗ, ಎತ್ತು ಓದಿದಾಗ ನಾನು ಹುಡುಕಿದ್ದು ಅಂಚನ್ನು.

ನೀನು ಏನು ಮಾಡಬೇಕೆಂದು ಈ ಕಾಗದದಲ್ಲಿ ಹೇಳುವುದಿಲ್ಲ. ಹೋದ ಸಲ ಹೇಳಿದ್ದು ಸಾಕು. ಏನು ಮಾಡಿದರೂ ಮನೆ ಇದೆ. ಈ ವರ್ಷ ಹೋದರೆ ಇನ್ನೊಂದು ವರ್ಷ ಓದು.

ಅಪ್ಪ

*

ಹಾಸನ
೧೬ ಫೆಬ್ರವರಿ ೧೯೯೭

ಅಪ್ಪ,

ಮೇಲೆ ಊರಿನ ಹೆಸರು ನೋಡಿದ ಕೂಡಲೇ ನಿಮಗೆ ಗೊತ್ತಾಗಿರುತ್ತದೆ. ಕಾಲೇಜಿಗೆ ಬಂದುಬಿಟ್ಟೆ.

ನಿಮ್ಮ ಕಾಗದವನ್ನು ನಾನೂ ಎರಡು ಸಲ ಓದಿದೆ. ಕೆಳಗೆ "ಅಪ್ಪ" ಎಂದು ಸಹಿ ಮಾಡಿದ್ದೀರಿ. ಯಾವತ್ತೂ ಹೆಸರು ಬರೆಯುತ್ತಿದ್ದಿರಿ.

ಮರುದಿನ ಹೆಡ್‌ಮಾಸ್ಟರ ಮುಂದೆ ನಿಂತೆ. ನನಗೆ ಮೊದಲೇ ಅಂಕ ಬರೆದು ಕೊಡುವವರು ಯಾರೂ ಇರಲಿಲ್ಲ. "ಶುಕ್ರವಾರ ಹೋಗ್ತೀನಿ ಸಾರ್. ನನ್ನ ಬ್ಲಾಕ್ ಟೀಚಿಂಗ್ ಡಿಸೆಂಬರಿಗೇ ಮುಗೀತು" ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. "ಪರೀಕ್ಷೆ ಹತ್ರ ಬಂತು, ಈ ಮಕ್ಕಳ ಮುಖ ನೋಡಮ್ಮ" ಅಂದರು. ನೋಡಿದ್ದೆ, ಅಪ್ಪ. ಆ ಮುಖ ನೋಡಿಕೊಂಡೇ ಜನವರಿ ಕಳೆದದ್ದು. "ಅವರಿಗೆ ಒಬ್ರು ಮೇಷ್ಟ್ರು ಬೇಕು ಸಾರ್. ಆ ಮೇಷ್ಟ್ರನ್ನ ನೀವು ಹುಡುಕಬೇಕು" ಅಂದೆ. ಅಂಕದ ವಿಷಯ ನನ್ನ ಕೈಯಲ್ಲಿಲ್ಲ ಎಂದು ಅವರು ಅಂದರು. ಅವರ ಕೈಯಲ್ಲೇ ಇದೆ. ಇಬ್ಬರಿಗೂ ಅದು ಗೊತ್ತಿತ್ತು.

ಶುಕ್ರವಾರ ತರಗತಿಯಲ್ಲಿ ಹೇಳಿದಾಗ ಜಯಂತಿ ಎದ್ದು, "ನಮ್ ಮ್ಯಾಲೆ ಕ್ವಾಪನಾ ಮೇಡಂ?" ಎಂದಳು. ಅಲ್ಲ ಅಂದೆ. ಅಷ್ಟಕ್ಕೆ ಅವಳಿಗೆ ಸಾಲಲಿಲ್ಲ. ನನಗೂ.

ಸಂಜೆ ಗಂಟು ಕಟ್ಟುತ್ತಿರುವಾಗ ಕಮಲಾಕ್ಷಮ್ಮನವರ ಜಗುಲಿಯ ಮೇಲೆ ನಾಲ್ಕಾರು ಜನ ಹೆಂಗಸರು ಬಂದು ಕೂತಿದ್ದರು. ಮುಂದೆ ಜಯಂತಿಯ ತಾಯಿ ಮಹದೇವಮ್ಮ. "ಮೇಡಮ್ಮಾರೆ, ನೀವು ಇಸ್ಕೂಲ್ ಬಿಟ್ರೆ ಬಿಡಿ. ನಮ್ ಐಕ್ಳುನ್ ಬಿಡ್ಬ್ಯಾಡಿ" ಅಂದರು. ಭಾನುವಾರ ಹಾಸನದಿಂದ ಬಂದು ಈ ಜಗುಲಿಯ ಮೇಲೆಯೇ ಪಾಠ ಮಾಡಬಹುದಲ್ಲ ಎಂದರು. ಬಾಯಿಗೆ ಬಂದದ್ದು, ಅಯ್ಯೋ ಅದಕ್ಕೇನಂತೆ, ಬರ್ತೀನಿ ಎಂಬ ಮಾತು. ಲಕ್ಕಪ್ಪನವರ ಮಾತಿಗೆ ನಕ್ಕ ಅದೇ ಬಾಯಿ.

ತಡೆದುಕೊಂಡೆ. "ಬರ್ತೀನಮ್ಮ. ಆದ್ರೆ ಸುಮ್ನೆ ಬರಲ್ಲ, ಕೆಲಸಕ್ಕೆ ಅಂತ ಬರ್ತೀನಿ. ನೀವು ಕೊಡಬೇಕಾಗುತ್ತೆ" ಅಂದೆ. ಈಗ ಎಲ್ಲರೂ ನಗುತ್ತಾರೆ ಎಂದು ಕಾದೆ.

ಮಹದೇವಮ್ಮ, "ಹೂಂ ಮತ್ತೆ! ಬಸ್ನೋನು ನಿಮ್ಮುನ್ ಸುಮ್ಕೆ ಕೂರುಸ್ಕತಾನಾ? ಹಸಾ ಕರೆಯೋಳ್ಗೂ ಕೊಡ್ತೀವಿ, ನಿಮ್ಗೆ ಕೊಡಲ್ವಾ? ದುಡ್ಡು ಇರೋರು ದುಡ್ಡು ಕೊಡ್ಲಿ. ನನ್ ತಾವ ದುಡ್ಡಿಲ್ಲ, ರಾಗಿ ಐತೆ. ಈಗಿನ್ನೂ ಕಣ ಮಾಡಿದೀವಿ, ಆದೀತಾ?" ಅಂದರು.

ಆದೀತು ಅಂದೆ. ಒಳಗೆ ಹೋಗಿ ಅತ್ತೆ. ಕಮಲಾಕ್ಷಮ್ಮ ಬಂದು, "ಅಳೋದು ಆಮೇಲೆ ಅತ್ತೀರಂತೆ, ಜಗುಲಿ ಬಾಡ್ಗೆ ನಂಗೇನ್ ಕೊಡ್ತೀರಿ ಮೊದ್ಲು ಹೇಳಿ" ಅಂದರು. ತಮಾಷೆಗೆ, ಅನ್ನಿಸುತ್ತೆ.

ನಿಮ್ಮ
ಯಶೋ

*

ಅರಸೀಕೆರೆ
೧೬ ಮಾರ್ಚ್ ೧೯೯೭

ಯಶೋ,

ನೀನು ಬಸ್ಸಿನಲ್ಲಿ ಹಾಕಿ ಕಳಿಸಿದ ರಾಗಿ ಚೀಲ ನಿನ್ನೆ ಸಂಜೆ ಬಂತು. ಸಮ್ಯಕ್ ಸೈಕಲ್ಲಿನ ಮೇಲಿಟ್ಟು ತಂದ. ಅಮ್ಮ ಆಗಲೇ ಗಿರಣಿಗೆ ಕಳಿಸುವ ಮಾತಾಡಿದಳು. ಅವ್ವ ಬಿಡಲಿಲ್ಲ. ಚೀಲವನ್ನು ತನ್ನ ಹಾಸಿಗೆಯ ಪಕ್ಕ ಇಡಿಸಿಕೊಂಡಿದ್ದಾಳೆ.

"ಯಾರ್ ಕೊಟ್ರು?" ಎಂದಳು. ಹೇಳಿದೆ. "ಯಾತಕ್ಕ್ ಕೊಟ್ರು?" ಲೆಕ್ಕ ಹೇಳಿಕೊಟ್ಟಿದ್ದಕ್ಕೆ ಎಂದೆ. ಚೀಲದ ಮೇಲೆ ಅಂಗೈ ಇಟ್ಟಳು. ಆಮೇಲೆ, "ಬರಿ" ಅಂದಳು.

ಅವಳದು ಒಂದೇ ಪ್ರಶ್ನೆ. ಹೇಳಿದ ಹಾಗೇ ಬರೆಯುತ್ತಿದ್ದೇನೆ, ಈ ಸಲ ಏನೂ ಬಿಟ್ಟಿಲ್ಲ: "ಮಗಾ, ಕೈಗ್ ಕೊಟ್ರಾ, ಮ್ಯಾಲಿಂದ ಸುರುದ್ರಾ?"

ನಿನ್ನ ಉತ್ತರ ಬರುವವರೆಗೆ ಚೀಲದ ಕಟ್ಟು ಬಿಚ್ಚುವಂತಿಲ್ಲ. ಅಮ್ಮ ಅಂಗಡಿಯಿಂದ ರಾಗಿಹಿಟ್ಟು ತರಿಸಿದ್ದಾಳೆ. ಸಮ್ಯಕ್ ನಗುತ್ತಾನೆ. ನನಗೆ ನಗು ಬರುವುದಿಲ್ಲ. ನಾನೂ ಕಾಯುತ್ತಿದ್ದೇನೆ.

ಅಪ್ಪ

*

ಹಾಸನ
೨೦ ಮಾರ್ಚ್ ೧೯೯೭

ಅಪ್ಪ,

ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ.

ಅಜ್ಜೀ, ಮಹದೇವಮ್ಮ ನನ್ನನ್ನು ಕಣಕ್ಕೇ ಕರೆದುಕೊಂಡು ಹೋದರು. ನಾನು ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತೆ. "ಅಲ್ಲ್ಯಾಕ್ ನಿಂತ್ರಿ, ಬನ್ನಿ, ಚೀಲ ಹಿಡ್ಕಳಿ, ನನ್ಗೆ ಒಬ್ಳಿಗೇ ಆಗಲ್ಲ" ಅಂದರು. ಮೇಟಿಯ ಹತ್ತಿರದವರೆಗೂ ಹೋದೆ. ನೆಲ ಸಗಣಿ ಸಾರಿಸಿ ನುಣ್ಣಗೆ, ಬಿಸಿಲಿಗೆ ಬೆಚ್ಚಗಿತ್ತು. ಚೀಲದ ಬಾಯಿಯ ಒಂದು ಬದಿ ನಾನು ಹಿಡಿದೆ. ಇನ್ನೊಂದು ಬದಿಯನ್ನು ಅವರು ಎಡಗೈಯಲ್ಲಿ ಹಿಡಿದು, ಮೊರವನ್ನು ಚೀಲದೊಳಕ್ಕೇ ಬಗ್ಗಿಸಿದರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ತುಂಬಿದ ಮೇಲೆ ಬಾಯಿ ಕಟ್ಟಲು ನನಗೆ ಬರಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು, ಹಗ್ಗ ಎಳೆದು, ಅವರೇ ಗಂಟು ಹಾಕಿಸಿದರು. "ಲೆಕ್ಕ ಬತ್ತದೆ, ಗಂಟು ಬರಾಕಿಲ್ವಾ!" ಎಂದು ನಕ್ಕರು.

ಆ ಗಂಟೇ ಈಗ ನಿನ್ನ ಹಾಸಿಗೆಯ ಪಕ್ಕ ಇರುವುದು. ಬಿಚ್ಚು ಅಜ್ಜಿ.

ಶಾಲೆಯಿಂದ ಅಂಕ ಬಂದಿದೆ ಅಪ್ಪ. ಎಲ್ಲರಿಗಿಂತ ಕಡಿಮೆ. ಪಾಸಾಗಲು ಸಾಕು.

ನಾಡಿದ್ದು ಶನಿವಾರ ಊರಿಗೆ ಬರುತ್ತೇನೆ. ರಾತ್ರಿ ಮುದ್ದೆ ಮಾಡಿರಿ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಳೇಬೀಡಿಗೆ ಹೊರಡಬೇಕು, ಕೆಲಸ ಇದೆ.

ಯಶೋಧರಾ